ವಿಷಾದವೂ ವ್ಯಾಧಿಯೇ: ಎಚ್‌ಐವಿ ಸೋಂಕಿನ ನೆರಳಿನಲ್ಲಿರುವ ತಾಯಂದಿರ ಮನಸ್ಸು

ಚರಕಸಂಹಿತೆಯ ಸೂತ್ರಸ್ಥಾನದ 25ನೆಯ ಅಧ್ಯಾಯದಲ್ಲಿ ಒಂದು ದೀರ್ಘವಾದ ಪಟ್ಟಿಯಿದೆ. ಯಾವ ಯಾವ ಕಾರ್ಯಕ್ಕೆ ಯಾವುದು ಎಲ್ಲಕ್ಕಿಂತ ಮುಖ್ಯವಾದ ಕಾರಣ ಎಂಬುದನ್ನು ಆಚಾರ್ಯರು ಅಲ್ಲಿ ಒಂದೊಂದಾಗಿ ಎಣಿಸುತ್ತ ಹೋಗುತ್ತಾರೆ. ಆ ಪಟ್ಟಿಯ ಎರಡು ಅಂಶಗಳನ್ನು ಸದ್ಭಕ್ತರ ಗಮನಕ್ಕೆ ತರಬೇಕೆಂದು ನಮಗೆ ಬಹಳ ದಿನಗಳಿಂದ ಅನಿಸುತ್ತಿತ್ತು. ರೋಗವನ್ನು ಬೆಳೆಸುವ ಸಂಗತಿಗಳಲ್ಲಿ ವಿಷಾದವೇ ಅಗ್ರಗಣ್ಯವೆಂಬುದು ಮೊದಲನೆಯದು. ಗರ್ಭವನ್ನು ನಿಲ್ಲಿಸಿ ಪೋಷಿಸುವ ಸಂಗತಿಗಳಲ್ಲಿ ಸೌಮನಸ್ಯ, ಅಂದರೆ ಮನಸ್ಸಿನ ನೆಮ್ಮದಿಯೇ ಅಗ್ರಗಣ್ಯವೆಂಬುದು ಎರಡನೆಯದು. ಅದೇ ಗ್ರಂಥದ 20ನೆಯ ಅಧ್ಯಾಯದಲ್ಲಿ ವಿಷಾದವನ್ನು ಎಂಬತ್ತು ವಾತವಿಕಾರಗಳ ಸಾಲಿನಲ್ಲಿ, ಸೊಂಟನೋವು, ತಲೆನೋವು, ನಿದ್ರಾನಾಶಗಳ ಜೊತೆಯಲ್ಲಿಯೇ ಹೇಳಲಾಗಿದೆ. ವಿಷಾದವೆಂದರೆ ಮನಸ್ಸಿನ ದೌರ್ಬಲ್ಯವಲ್ಲ, ಸೋಮಾರಿತನವಲ್ಲ, ದೈವಭಕ್ತಿಯ ಕೊರತೆಯೂ ಅಲ್ಲ, ಅದು ವ್ಯಾಧಿ. ವ್ಯಾಧಿಯಾದ್ದರಿಂದ ಅದಕ್ಕೆ ಚಿಕಿತ್ಸೆಯೂ ಇದೆ.

ಈಗ ಒಬ್ಬ ಹೆಣ್ಣುಮಗಳನ್ನು ಕಲ್ಪಿಸಿಕೊಳ್ಳೋಣ. ವಯಸ್ಸು ಇಪ್ಪತ್ತೈದು, ಗರ್ಭಿಣಿ, ರಕ್ತದಲ್ಲಿ ಎಚ್‌ಐವಿ ಇದೆಯೆಂದು ಮೂರನೆಯ ತಿಂಗಳಿನಲ್ಲಿ ತಿಳಿದಿದೆ. ಚರಕರ ಆ ಎರಡೂ ಮಾತುಗಳು ಒಂದೇ ಹೊತ್ತಿನಲ್ಲಿ ಅವಳ ಮೇಲೆ ಬಂದು ಬೀಳುತ್ತವೆ. ಅವಳ ವಿಷಾದವು ಅವಳ ರೋಗವನ್ನು ಬೆಳೆಸುತ್ತದೆ. ಅವಳಿಗಿಲ್ಲದ ಸೌಮನಸ್ಯವನ್ನು ಅವಳ ಗರ್ಭವು ಬೇಡುತ್ತಿರುತ್ತದೆ. ಎಚ್‌ಐವಿ ಕುರಿತು ನಮ್ಮ ಜನರಿಗೆ ಈಗ ಸಾಕಷ್ಟು ತಿಳಿದಿದೆ. ಗೋಡೆಬರಹಗಳನ್ನು ಓದಿದ್ದೇವೆ, ಬೀದಿನಾಟಕಗಳನ್ನು ನೋಡಿದ್ದೇವೆ. ಆದರೆ ಆ ಸೋಂಕಿನ ಜೊತೆಗೆ ಬರುವ ಖಿನ್ನತೆಯ ವಿಚಾರವನ್ನು ಯಾವ ಗೋಡೆಯ ಮೇಲೂ ನಾವು ಕಂಡಿಲ್ಲ.

ಮೊದಲು ತಿಳಿದವಳೇ ತಪ್ಪಿತಸ್ಥೆ

ಭಾರತದಲ್ಲಿ ಈ ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. ಮುಂದೆ ನಮ್ಮ ಉತ್ತರ ಕರ್ನಾಟಕದ ಬಾಗಲಕೋಟೆ, ಬೆಳಗಾವಿ, ವಿಜಯಪುರದ ಕಡೆ ಅದು ಬೇರೂರಿದ ಬಗೆಯನ್ನು ಅರುವತ್ತು ದಾಟಿದ ವೈದ್ಯರೆಲ್ಲರೂ ಕಣ್ಣಾರೆ ಕಂಡಿದ್ದಾರೆ. ಇಲ್ಲಿ ಗರ್ಭಿಣಿಯರ ತಪಾಸಣೆಯಲ್ಲಿ ನೂರಕ್ಕೆ ಒಬ್ಬರಿಗಿಂತ ಹೆಚ್ಚು ಜನರಲ್ಲಿ ಸೋಂಕು ಕಾಣುತ್ತಿದ್ದ ವರ್ಷಗಳಿದ್ದವು. ದುಡಿಮೆಗೆಂದು ಗೋವಾ, ಪುಣೆ, ಮುಂಬಯಿಗಳಿಗೆ ಹೋಗಿಬರುವ ಗಂಡಸರು, ಲಾರಿ ಓಡಿಸುವವರು, 1982ರ ಕಾಯ್ದೆಯ ನಂತರವೂ ಗುಟ್ಟಾಗಿ ಉಳಿದ ದೇವದಾಸಿ ಪದ್ಧತಿ, ಇವೆಲ್ಲ ಕಾರಣಗಳ ಕುರಿತು ಬೇಕಾದಷ್ಟು ಬರಹಗಳು ಬಂದಿವೆ. ಸರಕಾರದ ಪರಿಶ್ರಮದಿಂದ ಸೋಂಕಿನ ಪ್ರಮಾಣ ಇಂದು ಬಹಳ ಇಳಿದಿದೆ. ಅದು ಸಂತೋಷದ ವಿಷಯ. ಆದರೂ 2021ರ ಅಂದಾಜಿನಂತೆ ದೇಶದಲ್ಲಿ ಸುಮಾರು 24 ಲಕ್ಷ ಜನ ಎಚ್‌ಐವಿಯೊಂದಿಗೆ ಬದುಕುತ್ತಿದ್ದಾರೆ, ಅವರಲ್ಲಿ ಶೇಕಡಾ 45ರಷ್ಟು ಮಹಿಳೆಯರು. ಈ ಮಹಿಳೆಯರಲ್ಲಿ ಬಹುತೇಕರು ತಮ್ಮ ಗಂಡನೊಬ್ಬನನ್ನೇ ಬಲ್ಲವರು.

ಇಲ್ಲೊಂದು ವಿಪರ್ಯಾಸವಿದೆ. ಗರ್ಭಿಣಿಯಾದ ಹೆಂಗಸಿಗೆ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಕಡ್ಡಾಯವೆಂಬಂತೆ ನಡೆಯುತ್ತದೆ, ಗಂಡನಿಗೆ ನಡೆಯುವುದಿಲ್ಲ. ಆದ್ದರಿಂದ ಮನೆಯಲ್ಲಿ ಸೋಂಕು ಮೊದಲು ಕಾಣಿಸಿಕೊಳ್ಳುವುದು ಸೊಸೆಯ ಕಾಗದದಲ್ಲಿ. ಮೊದಲು ಯಾರ ಕಾಗದದಲ್ಲಿ ಕಂಡಿತೋ ಅವರಿಂದಲೇ ಬಂದಿತೆಂದು ಮನೆಯವರು ತೀರ್ಮಾನಿಸಿಬಿಡುತ್ತಾರೆ. ಎಂಟು ವರ್ಷ ಲಾರಿಯ ಮೇಲಿದ್ದ ಮಗನನ್ನು ಯಾರೂ ಕೇಳುವುದಿಲ್ಲ. ಕುಬಸ ಮಾಡಿಸಿಕೊಂಡು, ಹಸಿರು ಬಳೆ ತೊಟ್ಟು ತವರಿಗೆ ಹೋಗಬೇಕಾದವಳು ಕೈಯಲ್ಲೊಂದು ಫೈಲು ಹಿಡಿದು ಒಬ್ಬಳೇ ಬಸ್ಸು ಹತ್ತುತ್ತಾಳೆ. ಇಂಥವಳಲ್ಲಿ ಖಿನ್ನತೆ ಏಕೆ ಬಂತೆಂದು ಕೇಳುವುದೇ ವಿಚಿತ್ರ. ಎಚ್‌ಐವಿ ಇರುವವರಲ್ಲಿ ಖಿನ್ನತೆಯು ಉಳಿದವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚೆಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಕಂಡುಕೊಂಡಿದ್ದಾರೆ. ಗರ್ಭ ಮತ್ತು ಬಾಣಂತನದ ಕಾಲವು ಸೋಂಕಿಲ್ಲದ ಹೆಣ್ಣಿಗೂ ಮನಸ್ಸು ಕುಗ್ಗುವ ಕಾಲವೇ. ಎರಡೂ ಕೂಡಿದಾಗಿನ ಭಾರವನ್ನು ಓದುಗರೇ ಊಹಿಸಬಹುದು.

ಸೋಂಕು ತಗಲದೆ, ಆದರೆ ಅದರ ಅಂಚಿನಲ್ಲಿಯೇ ಬದುಕುವ ಹೆಣ್ಣುಮಕ್ಕಳೂ ಇದ್ದಾರೆ. ಗಂಡನಿಗೆ ಸೋಂಕಿದೆ, ತನಗಿಲ್ಲ. ಪ್ರತಿ ಬಾರಿ ಪರೀಕ್ಷೆಗೆ ಹೋಗುವಾಗಲೂ ಎದೆ ಹೊಡೆದುಕೊಳ್ಳುತ್ತದೆ. ಗಂಡ ಬೀರುವಿನಲ್ಲಿ ಯಾವುದೋ ಮಾತ್ರೆಯ ಡಬ್ಬಿ ಬಚ್ಚಿಟ್ಟಿದ್ದಾನೆ, ಕೇಳಿದರೆ ಹೊಡೆತ. ಹಬ್ಬಕ್ಕೆ ಊರಿಗೆ ಬಂದ ಗಂಡನಿಗೆ ಕಾಂಡೋಮ್ ಬಳಸೆಂದು ಹೇಳುವ ಧೈರ್ಯವಿಲ್ಲ. ಇಂತಹ ಭಯದಲ್ಲಿ ವರ್ಷಗಟ್ಟಲೆ ಬದುಕಿದವಳ ಮನಸ್ಸು ಸೋತುಹೋಗುತ್ತದೆ, ಸೋತ ಮನಸ್ಸು ತನ್ನನ್ನು ಕಾಪಾಡಿಕೊಳ್ಳುವ ಆಸೆಯನ್ನೇ ಬಿಡುತ್ತದೆ. ಏನಾದರೇನು ಎಂಬ ಸ್ಥಿತಿಗೆ ಬಂದವಳು ಬೇಡವೆನ್ನುವುದಿಲ್ಲ, ಪರೀಕ್ಷೆಗೂ ಹೋಗುವುದಿಲ್ಲ. ಸೋಂಕು ಖಿನ್ನತೆಯನ್ನು ತರುವಂತೆ ಖಿನ್ನತೆಯೂ ಸೋಂಕಿಗೆ ದಾರಿ ಮಾಡಿಕೊಡುತ್ತದೆ. ಇಂತಹ ದಂಪತಿಗಳು ತಿಳಿದಿರಲೇಬೇಕಾದ ಸಂಗತಿಯೊಂದಿದೆ: ಸೋಂಕಿರುವ ವ್ಯಕ್ತಿಯು ಎಆರ್‌ಟಿ ಮಾತ್ರೆಗಳನ್ನು ತಪ್ಪದೆ ಸೇವಿಸಿ, ರಕ್ತದಲ್ಲಿ ವೈರಾಣುವಿನ ಪ್ರಮಾಣ ಪರೀಕ್ಷೆಗೆ ಸಿಗದಷ್ಟು ಇಳಿದು ಹಾಗೆಯೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸೋಂಕು ಜೊತೆಗಾರರಿಗೆ ಹರಡುವುದಿಲ್ಲ. ಇದನ್ನು ಕೇಳಿದ ಮೇಲೆ ಎಷ್ಟೋ ಹೆಂಡಂದಿರ ಮುಖ ಅರಳಿದ್ದನ್ನು ನಾವು ನೋಡಿದ್ದೇವೆ.

ಖಿನ್ನತೆ ಎಂಬ ಪದವನ್ನು ಅವರು ಆಡುವುದಿಲ್ಲ

ನಮ್ಮ ಚಿಕಿತ್ಸಾಲಯಕ್ಕೆ ಬಂದು “ನನಗೆ ಖಿನ್ನತೆಯಾಗಿದೆ” ಎಂದು ಹೇಳಿದ ಹಳ್ಳಿಯ ಹೆಣ್ಣುಮಗಳು ಒಬ್ಬಳೂ ಇಲ್ಲ. ಅವರು ಹೇಳುವುದು ಬೇರೆ. “ಜೀವಕ್ಕ ಬ್ಯಾಸರಾಗೈತ್ರಿ”, “ಎದಿ ಮ್ಯಾಲ ಕಲ್ಲ ಇಟ್ಟಂಗ ಆಗತೈತಿ”, “ಕೈಕಾಲಾಗ ಜೀವನ ಇಲ್ರಿ”, “ರಾತ್ರಿ ಎರಡಕ್ಕ ಎಚ್ಚರಾದ್ರ ಮತ್ತ ನಿದ್ದಿನ ಇಲ್ಲ”. ಕೆಲವರು ತಲೆಭಾರ, ಅಂಗಾಲು ಉರಿ, ಸೊಂಟನೋವು ಎನ್ನುತ್ತಾರೆ. ಬಹಳಷ್ಟು ಮಂದಿ ದನಿ ತಗ್ಗಿಸಿ, ಬಿಳುಪು ಹೋಗುತ್ತದೆ ಎನ್ನುತ್ತಾರೆ. ನೆರೆಯ ಗೋವಾದಲ್ಲಿ ನಡೆದ ಅಧ್ಯಯನವೊಂದು, ಬಿಳುಪಿನ ದೂರು ಹೇಳಿಕೊಂಡು ಬರುವ ಅನೇಕ ಹೆಂಗಸರಲ್ಲಿ ಅಡಗಿರುವುದು ಮನಸ್ಸಿನ ಬೇನೆಯೆಂದು ತೋರಿಸಿಕೊಟ್ಟಿದೆ. ನಮ್ಮ ಅನುಭವವೂ ಅದಕ್ಕೆ ಹೊರತಲ್ಲ. ಪರೀಕ್ಷಿಸಿ ನೋಡಬೇಕು, ಸೋಂಕಿದ್ದರೆ ಔಷಧ ಕೊಡಬೇಕು. ಆದರೆ ಲೋಧ್ರಾಸವದ ಬಾಟಲಿ ಕೊಟ್ಟು ಅಷ್ಟಕ್ಕೇ ಕಳಿಸಿಬಿಡಬಾರದು. ಮನೆಯಲ್ಲಿ ಹೇಗಿದ್ದೀ ತಂಗಿ ಎಂದು ಒಂದು ಮಾತು ಕೇಳಿ, ಅವಳು ಉತ್ತರಿಸುವವರೆಗೂ ಸುಮ್ಮನಿರಬೇಕು.

ದುಃಖವೇ ಬೇರೆ, ಖಿನ್ನತೆಯೇ ಬೇರೆ. ಕೆಟ್ಟ ಸುದ್ದಿ ಕೇಳಿದಾಗ ಅಳು ಬರುವುದು ಸಹಜ. ಅಳದಿದ್ದರೇ ನಾವು ಚಿಂತಿಸಬೇಕು. ಎರಡು ವಾರಗಳು ಕಳೆದರೂ, ದಿನದ ಹೆಚ್ಚಿನ ಹೊತ್ತು ಮನಸ್ಸು ಮಂಕಾಗಿಯೇ ಇದ್ದರೆ ಅಥವಾ ಮೊದಲು ಇಷ್ಟವಿದ್ದ ಯಾವುದರಲ್ಲಿಯೂ ಆಸಕ್ತಿ ಇಲ್ಲವಾದರೆ ಅದನ್ನು ಖಿನ್ನತೆಯೆಂದು ಶಂಕಿಸಬೇಕು. ವೈದ್ಯರು ಮೊದಲ ತಪಾಸಣೆಗೆಂದು ಬಳಸುವ ಪ್ರಶ್ನೆಗಳೂ ಈ ಎರಡೇ. ಜೊತೆಗೆ ನಿದ್ರೆ, ಹಸಿವು, ತ್ರಾಣ, ಏಕಾಗ್ರತೆಗಳು ಕೆಡುತ್ತವೆ; ತಾನು ಯಾವುದಕ್ಕೂ ಬಾರದವಳು, ಮನೆಗೆ ಭಾರ, ಪಾಪಿ ಎಂಬ ಭಾವ ಬಲಿಯುತ್ತದೆ; ಸಾವಿನ ಯೋಚನೆ ಬರುತ್ತದೆ.

ಎಚ್‌ಐವಿ ಇರುವ ಗರ್ಭಿಣಿಯಲ್ಲಿ ಇದನ್ನು ಗುರುತಿಸುವುದು ವೈದ್ಯರಿಗೂ ಕಷ್ಟವೇ. ಆಯಾಸ, ಹಸಿವಿಲ್ಲದಿರುವುದು, ತೂಕ ಇಳಿಯುವುದು ಸೋಂಕಿನಿಂದಲೂ ಬರುತ್ತವೆ, ಕ್ಷಯದಿಂದಲೂ ಬರುತ್ತವೆ. ರಕ್ತಹೀನತೆಯೂ ಥೈರಾಯ್ಡ್ ಗ್ರಂಥಿಯ ದೋಷವೂ ಹೆಣ್ಣನ್ನು ಹೀಗೆಯೇ ಮಂಕಾಗಿಸುತ್ತವೆ. ಬರಿಯ ಬಸಿರೂ ಮೊದಲ ಮೂರು ತಿಂಗಳು ಹೀಗೆಯೇ ಕಾಡುತ್ತದೆ. ಆದ್ದರಿಂದ ರಕ್ತ, ಕಫ, ಥೈರಾಯ್ಡ್ ಪರೀಕ್ಷೆಗಳನ್ನು ಮಾಡಿಸಬೇಕು. ಆದರೆ ಯಾವ ರಕ್ತಹೀನತೆಯೂ “ನಾನು ಸತ್ತರೆ ಮನೆಗೆ ಒಳ್ಳೆಯದು” ಎಂಬ ಯೋಚನೆಯನ್ನು ಹುಟ್ಟಿಸುವುದಿಲ್ಲ. ದೇಹದ ಲಕ್ಷಣಗಳು ಗೊಂದಲಕ್ಕೀಡು ಮಾಡಿದಾಗ ಅಪರಾಧಭಾವ ಮತ್ತು ನಿರಾಸೆಗಳ ಕುರಿತು ಕೇಳಿ ನಿರ್ಣಯಿಸಬೇಕು. ಗರ್ಭಿಣಿ, ಬಾಣಂತಿಯರಿಗೆಂದೇ ಹತ್ತು ಪ್ರಶ್ನೆಗಳ ಎಡಿನ್‌ಬರೋ ಮಾಪಕವೆಂಬ ಪ್ರಶ್ನಾವಳಿಯಿದೆ, ಕನ್ನಡದಲ್ಲಿಯೂ ಇದೆ. ಅದರಲ್ಲಿ ದೈಹಿಕ ದೂರುಗಳ ಕುರಿತು ಹೆಚ್ಚು ಕೇಳದಿರುವುದೇ ಅದರ ಅನುಕೂಲ.

ಹೆರಿಗೆಯಾದ ಮೊದಲ ಕೆಲವು ದಿನಗಳಲ್ಲಿ ತಾಯಿಯು ಅಸಂಬದ್ಧವಾಗಿ ಮಾತಾಡುವುದು, ಇಲ್ಲದ ದನಿಗಳನ್ನು ಕೇಳುವುದು, ಕೂಸನ್ನು ಕಂಡು ಹೆದರುವುದು ಕಂಡುಬಂದರೆ, ಹಿರಿಯರು ಬಾಣಂತಿ ಸನ್ನಿ ಎನ್ನುತ್ತಿದ್ದ ಆ ಸ್ಥಿತಿ ತುರ್ತಿನದು. ಮಂತ್ರ ತಂತ್ರ, ಗಾಳಿ ಬಿಡಿಸುವುದು ಎಂದು ಒಂದು ದಿನವನ್ನೂ ಕಳೆಯದೆ ಅಂದೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು.

ಮಾತ್ರೆ ಮತ್ತು ಮನಸ್ಸು

2004ರ ಏಪ್ರಿಲ್ 1ರಂದು ಕೇಂದ್ರ ಸರಕಾರವು ಉಚಿತ ಎಆರ್‌ಟಿ ಚಿಕಿತ್ಸೆಯನ್ನು ಆರಂಭಿಸಿತು. 2017ರಿಂದ, ಸೋಂಕು ಖಚಿತವಾದ ಪ್ರತಿಯೊಬ್ಬರಿಗೂ ರೋಗನಿರೋಧಕ ಕಣಗಳ ಎಣಿಕೆ ಎಷ್ಟೇ ಇರಲಿ, ಕೂಡಲೇ ಔಷಧ ಕೊಡಲಾಗುತ್ತಿದೆ. ಈಗ ಬಹುತೇಕರಿಗೆ ದಿನಕ್ಕೆ ಒಂದೇ ಮಾತ್ರೆ. ನುಂಗುವುದು ಸುಲಭ. ಆದರೆ ಪ್ರತಿದಿನ, ಜೀವನಪರ್ಯಂತ, ಬೆಳಿಗ್ಗೆ ಎದ್ದು ಬದುಕಬೇಕೆಂಬ ಇಚ್ಛೆಯಿಂದ ಅದನ್ನು ನುಂಗಬೇಕು. ಖಿನ್ನತೆ ಮೊದಲು ಕಸಿದುಕೊಳ್ಳುವುದು ಆ ಇಚ್ಛೆಯನ್ನೇ. ಮಾತ್ರೆ ತಪ್ಪುತ್ತದೆ, ವೈರಾಣು ಹೆಚ್ಚುತ್ತದೆ, ದೇಹ ಕುಗ್ಗುತ್ತದೆ, ದೇಹ ಕುಗ್ಗಿದ್ದನ್ನು ಕಂಡು ಮನಸ್ಸು ಇನ್ನಷ್ಟು ಕುಗ್ಗುತ್ತದೆ. ವಿಷಾದವು ರೋಗವನ್ನು ಬೆಳೆಸುವುದು ಹೀಗೆ, ಕಣ್ಣಿಗೆ ಕಾಣುವ ಹಾದಿಯಲ್ಲಿ. ಮಾತ್ರೆ ತಪ್ಪಿಸಿದ ಹೆಣ್ಣುಮಗಳನ್ನು ಬೈಯುವ ಮೊದಲು, ಅವಳು ಅದನ್ನು ಅತ್ತೆಯ ಕಣ್ಣು ತಪ್ಪಿಸಿ ಅಕ್ಕಿಯ ಡಬ್ಬಿಯಲ್ಲಿ ಬಚ್ಚಿಡುತ್ತಿರಬಹುದೇ, ಅವಳಿಗೆ ನಿದ್ರೆ ಬರುತ್ತಿದೆಯೇ ಎಂದು ಕೇಳುವುದು ಲೇಸು.

ಔಷಧದಿಂದಲೇ ಮನಸ್ಸು ಕೆಡುವುದೂ ಉಂಟು. ಹಿಂದೆ ಕೊಡುತ್ತಿದ್ದ ಮಾತ್ರೆಯಲ್ಲಿದ್ದ ಎಫಾವಿರೆಂಜ್ ಎಂಬ ಔಷಧವು ಕೆಲವರಿಗೆ ಭಯಂಕರ ಕನಸುಗಳನ್ನೂ ತಲೆಸುತ್ತನ್ನೂ ಖಿನ್ನತೆಯನ್ನೂ ತರುತ್ತಿತ್ತು. ಈಗ ಅದರ ಬದಲಿಗೆ ಡೊಲುಟೆಗ್ರಾವಿರ್ ಬಂದಿದೆ, ಬಹಳ ಮಟ್ಟಿಗೆ ಸೌಮ್ಯವಾದದ್ದು. ಕೆಲವರಿಗೆ ಮಾತ್ರ ನಿದ್ರೆ ಕೆಡಿಸುತ್ತದೆ. ಎಆರ್‌ಟಿ ಕೇಂದ್ರದಲ್ಲಿ ಕೇಳಿ ಮಾತ್ರೆಯ ಹೊತ್ತನ್ನು ಬೆಳಿಗ್ಗೆಗೆ ಬದಲಿಸಿಕೊಂಡರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಯಾರೂ ತಾವಾಗಿ ನಿಲ್ಲಿಸಬಾರದು.

ಆಯುರ್ವೇದ ಮಾಡಬಲ್ಲದ್ದು, ಮಾಡಲಾಗದ್ದು

ಆಯುರ್ವೇದ ಪದವೀಧರರಾದ ನಾವೇ ಈ ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಎಚ್‌ಐವಿಯನ್ನು ಗುಣಪಡಿಸುವ ಆಯುರ್ವೇದ ಔಷಧ ಇಲ್ಲ. ಗುಣಪಡಿಸುತ್ತೇವೆಂದು ಹೇಳಿ ಮಾರುವುದು ಕಾನೂನಿನ ಪ್ರಕಾರವೂ ತಪ್ಪು; 1945ರ ಔಷಧ ಮತ್ತು ಸೌಂದರ್ಯವರ್ಧಕ ನಿಯಮಗಳ ಜೆ ಅನುಸೂಚಿಯಲ್ಲಿ, ಗುಣಪಡಿಸುವುದಾಗಿ ಯಾವ ಔಷಧದ ಮೇಲೂ ಹೇಳಿಕೊಳ್ಳಬಾರದ ರೋಗಗಳ ಪಟ್ಟಿಯಿದ್ದು, ಏಡ್ಸ್ ಅದರಲ್ಲಿದೆ. ಆದರೂ ಬಸ್ ನಿಲ್ದಾಣದ ಗೋಡೆಗಳಲ್ಲಿ ಗುಪ್ತರೋಗದ ಚೀಟಿಗಳು ರಾರಾಜಿಸುತ್ತವೆ. ಮಂಗಳಸೂತ್ರ ಒತ್ತೆಯಿಟ್ಟು ಅಂಥವರಲ್ಲಿ ಮೂರು ತಿಂಗಳ ಪುಡಿ ಕೊಂಡು, ಎಆರ್‌ಟಿ ನಿಲ್ಲಿಸಿ, ಕೊನೆಗೆ ಎಲುಬು ಕಾಣುವ ಸ್ಥಿತಿಯಲ್ಲಿ ಬಂದವರನ್ನು ನಾವು ನೋಡಿದ್ದೇವೆ. ನಮ್ಮ ಶಾಸ್ತ್ರದ ಹೆಸರಿನಲ್ಲಿ ನಡೆಯುವ ಈ ದಂಧೆಯ ಮೇಲೆ ನಮಗಿರುವಷ್ಟು ಕೋಪ ಬೇರೆ ಯಾರಿಗೂ ಇರಲಾರದು.

ಇನ್ನೊಂದು ಎಚ್ಚರಿಕೆಯನ್ನು ನಮ್ಮ ವೃತ್ತಿಬಾಂಧವರಿಗೂ ಹೇಳಬೇಕಾಗಿದೆ. ಡೊಲುಟೆಗ್ರಾವಿರ್ ಮಾತ್ರೆಯು ಕಬ್ಬಿಣ ಮತ್ತು ಸುಣ್ಣದ ಅಂಶಗಳೊಂದಿಗೆ ಹೊಟ್ಟೆಯಲ್ಲಿ ಕೂಡಿದರೆ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಗರ್ಭಿಣಿಗೆ ಆಸ್ಪತ್ರೆಯಲ್ಲಿ ಕಬ್ಬಿಣದ, ಕ್ಯಾಲ್ಸಿಯಂ ಮಾತ್ರೆಗಳನ್ನು ಕೊಟ್ಟೇ ಕೊಡುತ್ತಾರೆ. ಎಆರ್‌ಟಿ ಮಾತ್ರೆಯನ್ನು ಅವುಗಳಿಗಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆಗಳ ನಂತರ ಸೇವಿಸಬೇಕು. ಇಲ್ಲವೇ ಎಲ್ಲವನ್ನೂ ಊಟದ ಜೊತೆಯಲ್ಲಿ ತೆಗೆದುಕೊಳ್ಳಬೇಕು. ಆಮ್ಲಪಿತ್ತಕ್ಕೆ ಕುಡಿಯುವ ಆಂಟಾಸಿಡ್‌ಗೆ ಊಟದ ವಿನಾಯಿತಿ ಇಲ್ಲ, ಅಂತರ ಬೇಕೇ ಬೇಕು. ಈಗ ಯೋಚಿಸಿರಿ: ನಾವು ರಕ್ತಹೀನತೆಗೆ ಕೊಡುವ ಮಂಡೂರ, ಲೋಹಭಸ್ಮಗಳು ಕಬ್ಬಿಣವಲ್ಲದೆ ಮತ್ತೇನು? ಶಂಖಭಸ್ಮ, ಪ್ರವಾಳ, ಮುತ್ತಿನ ಚಿಪ್ಪಿನ ಭಸ್ಮಗಳು ಸುಣ್ಣವಲ್ಲದೆ ಮತ್ತೇನು? ಅದೇ ಎಚ್ಚರಿಕೆಯನ್ನು ಇವುಗಳಿಗೂ ಅನ್ವಯಿಸಬೇಕೆಂಬುದು ನಮ್ಮ ಅಭಿಪ್ರಾಯ. ರೋಗಿಯು ಸೋಂಕಿನ ವಿಷಯವನ್ನು ಹೇಳದೆ ಭಸ್ಮ ತೆಗೆದುಕೊಂಡು ಹೋದರೆ ವೈದ್ಯರಿಗೆ ತಿಳಿಯುವುದಾದರೂ ಹೇಗೆ? ಹೇಳಲು ಅಂಜದಂತಹ ವಾತಾವರಣವನ್ನು ವೈದ್ಯರೇ ನಿರ್ಮಿಸಬೇಕು. ಮನಸ್ಸಿಗೆ ಒಳ್ಳೆಯದೆಂದು ಅಂಗಡಿಯಿಂದ ಅಶ್ವಗಂಧ, ಬ್ರಾಹ್ಮಿ, ಜಟಾಮಾಂಸಿಗಳ ಮಾತ್ರೆಗಳನ್ನು ತಂದು ಗರ್ಭಿಣಿಗೆ ಕೊಡುವುದೂ ಬೇಡ. ಗರ್ಭಿಣಿಗೆ ವಮನ ವಿರೇಚನಾದಿ ಶೋಧನಗಳೂ ಸಲ್ಲವು. ವಿದೇಶಗಳಲ್ಲಿ ಖಿನ್ನತೆಗೆ ಬಳಸುವ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆಯು ಎಚ್‌ಐವಿ ಔಷಧಗಳ ಪ್ರಭಾವವನ್ನೇ ತಗ್ಗಿಸುತ್ತದೆ. ಮೂಲಿಕೆಯಾದ ಮಾತ್ರಕ್ಕೆ ನಿರಪಾಯವಲ್ಲ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಹಾಗಾದರೆ ಆಯುರ್ವೇದಕ್ಕೆ ಇಲ್ಲಿ ಕೆಲಸವಿಲ್ಲವೇ? ಬಹಳ ಇದೆ. ಚರಕರು ಹೇಳುವ ಮೂರು ಬಗೆಯ ಚಿಕಿತ್ಸೆಗಳಲ್ಲಿ ಒಂದು ಸತ್ತ್ವಾವಜಯ: ಅಹಿತವಾದ ವಿಷಯಗಳಿಂದ ಮನಸ್ಸನ್ನು ಹಿಂದಕ್ಕೆ ತಂದು ನಿಲ್ಲಿಸುವುದು. ಇಂದಿನ ಆಪ್ತಸಮಾಲೋಚನೆ ಮಾಡುವ ಕೆಲಸಕ್ಕೆ ಇದು ಬಹಳ ಹತ್ತಿರದ್ದು. ಎರಡನೆಯದು ದಿನಚರ್ಯೆ. ಖಿನ್ನತೆಯಲ್ಲಿ ದಿನದ ಕ್ರಮವೇ ಕದಡಿಹೋಗಿರುತ್ತದೆ. ಏಳುವ, ಉಣ್ಣುವ, ಮಲಗುವ ಹೊತ್ತುಗಳನ್ನು ಮತ್ತೆ ಕಟ್ಟಿಕೊಡುವುದೇ ಅರ್ಧ ಚಿಕಿತ್ಸೆ. ಬಿಸಿ ಜೋಳದ ರೊಟ್ಟಿ, ಹೆಸರುಬೇಳೆ, ಸೊಪ್ಪಿನ ಪಲ್ಯ, ಒಂದು ಲೋಟ ಹಾಲು, ಬೆಳಗಿನ ಎಳೆಬಿಸಿಲಿನಲ್ಲಿ ಅರ್ಧ ಗಂಟೆ ನಡಿಗೆ ಸಾಕು.

ಮೂರನೆಯದು ಅಭ್ಯಂಗ. ಇದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ವಾತಶಮನಕ್ಕೆ ಎಣ್ಣೆಯ ಮರ್ದನಕ್ಕಿಂತ ಹಿತವಾದದ್ದು ಮತ್ತೊಂದಿಲ್ಲ. ನಮ್ಮ ಸೀಮೆಯಲ್ಲಿ ಬಾಣಂತಿಗೆ ಎಣ್ಣೆ ಹಚ್ಚಿ, ಬಿಸಿನೀರು ಎರೆದು, ಲೋಬಾನದ ಹೊಗೆ ಹಾಕಿ, ಬೆಚ್ಚಗೆ ಹೊದಿಸಿ ಮಲಗಿಸುವ ಪದ್ಧತಿ ಇಂದಿಗೂ ಉಳಿದಿದೆ. ಎಚ್‌ಐವಿ ಇದೆಯೆಂದು ತಿಳಿದ ಕೂಡಲೇ ಆ ಎಣ್ಣೆನೀರು ನಿಂತುಹೋಗುತ್ತದೆ. ಎರೆಯಲು ಬರುವ ಮುದುಕಿ ಬರುವುದಿಲ್ಲ. ತಾಯಿಯೇ ಮುಟ್ಟಲು ಹಿಂಜರಿಯುತ್ತಾಳೆ. ತಾಟು, ಲೋಟ ಬೇರೆಯಾಗುತ್ತವೆ. ಒಬ್ಬ ಹೆಣ್ಣುಮಗಳು ನಮ್ಮೆದುರು ಅತ್ತದ್ದು ರೋಗಕ್ಕಲ್ಲ. “ಹಡೆದು ಇಪ್ಪತ್ತು ದಿನಾತ್ರಿ, ನನ್ನ ಬೆನ್ನಿಗೆ ಯಾರೂ ಕೈ ಹಚ್ಚಿಲ್ಲ” ಎಂಬುದಕ್ಕೆ. ಮುಟ್ಟುವುದರಿಂದ, ಎಣ್ಣೆ ಹಚ್ಚುವುದರಿಂದ, ಜೊತೆಗೆ ಉಣ್ಣುವುದರಿಂದ, ಒಂದೇ ಬಚ್ಚಲು ಬಳಸುವುದರಿಂದ, ಬೆವರಿನಿಂದ, ಕಣ್ಣೀರಿನಿಂದ ಎಚ್‌ಐವಿ ಹರಡುವುದಿಲ್ಲ. ಎಣ್ಣೆ ಹಚ್ಚುವವರ ಕೈಯಲ್ಲಿ ತೆರೆದ ಗಾಯವಿದ್ದರೆ ಪಟ್ಟಿ ಕಟ್ಟಿಕೊಳ್ಳಲಿ, ಬಾಣಂತಿಯ ರಕ್ತಸ್ರಾವದ ಬಟ್ಟೆಗಳನ್ನು ಕೈಗವಸು ಹಾಕಿಕೊಂಡು ತೆಗೆಯಲಿ. ಯಾವ ಬಾಣಂತಿಯ ವಿಷಯದಲ್ಲಾದರೂ ಅಷ್ಟು ಮಾಡಬೇಕಾದದ್ದೇ.

ಹದಿನೆಂಟು ತಿಂಗಳ ಕಾಯುವಿಕೆ

ಸೋಂಕಿರುವವಳು ತಾಯಿಯಾಗಬಾರದೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಯಾವ ಚಿಕಿತ್ಸೆಯೂ ಇಲ್ಲದಿದ್ದರೆ ತಾಯಿಯಿಂದ ಕೂಸಿಗೆ ಸೋಂಕು ತಗಲುವ ಸಂಭವ ಶೇಕಡಾ 15ರಿಂದ 45. ತಾಯಿಯು ಮಾತ್ರೆಗಳನ್ನು ಸರಿಯಾಗಿ ಸೇವಿಸಿ, ಕೂಸಿಗೂ ಹುಟ್ಟಿದ ಕೂಡಲೇ ಔಷಧದ ಹನಿಗಳನ್ನು ಕೊಟ್ಟರೆ ಅದು ಶೇಕಡಾ 5ಕ್ಕಿಂತ ಕೆಳಗೆ ಇಳಿಯುತ್ತದೆ. ಈ ಎರಡು ಅಂಕಿಗಳನ್ನು ಗರ್ಭಿಣಿಗೆ ಮೊದಲ ದಿನವೇ, ಅವಳಿಗೆ ಅರ್ಥವಾಗುವ ಮಾತಿನಲ್ಲಿ ಹೇಳಬೇಕು. ಹೇಳದೆ ಇದ್ದಾಗ ಅವಳ ಕಲ್ಪನೆಯಲ್ಲಿ ಕೂಸು ಆಗಲೇ ಸತ್ತುಹೋಗಿರುತ್ತದೆ.

ಆದರೂ ಕಾಯುವಿಕೆ ತಪ್ಪದು. ಕೂಸಿನ ಮೊದಲ ಪರೀಕ್ಷೆ ಆರು ವಾರಕ್ಕೆ. ಮಧ್ಯೆ ಮತ್ತೆ ಪರೀಕ್ಷೆಗಳು. ಅಂತಿಮ ನಿರ್ಣಯ ಹದಿನೆಂಟು ತಿಂಗಳಿಗೆ. ಕೂಸು ಮಗುಚಿಕೊಂಡಿತು, ಕೂತಿತು, ನಡೆಯಿತು, ತೊದಲಿತು, ತಾಯಿ ಮಾತ್ರ ಪ್ರತಿ ಕೆಮ್ಮಿಗೂ ಪ್ರತಿ ಜ್ವರಕ್ಕೂ ಬೆಚ್ಚುತ್ತಲೇ ಇರುತ್ತಾಳೆ. ಕೆಲವು ತಾಯಂದಿರು ಕೂಸನ್ನು ಹಚ್ಚಿಕೊಳ್ಳಲೇ ಹೆದರುತ್ತಾರೆ. ಕೈಬಿಟ್ಟುಹೋದರೆ ಎಂಬ ಭಯ. ಬಾಣಂತನದ ಖಿನ್ನತೆಯನ್ನು ಇವರಲ್ಲಿ ಆರು ವಾರಕ್ಕೆ ಒಮ್ಮೆ ನೋಡಿ ಬಿಟ್ಟರೆ ಸಾಲದು, ಆ ಹದಿನೆಂಟು ತಿಂಗಳೂ ನೋಡುತ್ತಿರಬೇಕೆಂಬುದು ನಮ್ಮ ನಿಲುವು.

ಮೊಲೆಹಾಲಿನ ವಿಷಯದಲ್ಲಿ ಗೊಂದಲ ಬೇಡ. ತಾಯಿ ಎಆರ್‌ಟಿ ಸೇವಿಸುತ್ತಿದ್ದರೆ ಮೊದಲ ಆರು ತಿಂಗಳು ಎದೆಹಾಲನ್ನು ಮಾತ್ರ ಕೊಡಬೇಕೆಂಬುದು ನಮ್ಮ ದೇಶದ ಮಾರ್ಗಸೂಚಿ. ಎದೆಹಾಲಿನ ಜೊತೆಗೆ ಆಕಳ ಹಾಲು, ಜೇನುತುಪ್ಪ, ಸಕ್ಕರೆ ನೀರು, ಬಜೆ ತೇಯ್ದ ಗುಟ್ಟಿ ಇವನ್ನೆಲ್ಲ ಬೆರೆಸಿ ಕೊಡುವುದೇ ಅಪಾಯ. ಎಳೆಯ ಕರುಳಿನ ಒಳಪದರ ಕೆಟ್ಟು ಸೋಂಕಿಗೆ ದಾರಿಯಾಗುತ್ತದೆ. ಅಜ್ಜಿಯಂದಿರು ಆರು ತಿಂಗಳವರೆಗೆ ಗುಟ್ಟಿಯ ಒರಳನ್ನು ಮೇಲಿಟ್ಟುಬಿಡಲಿ.

ಯಾರ ಬಳಿ ಹೋಗಬೇಕು?

ಎಆರ್‌ಟಿ ಕೇಂದ್ರದಲ್ಲಿ ಆಪ್ತಸಮಾಲೋಚಕರಿರುತ್ತಾರೆ. ಮನಸ್ಸಿನ ವಿಷಯವನ್ನೂ ಅವರಿಗೆ ಹೇಳಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದಂದು ಮನೋವೈದ್ಯರು ನೋಡುವ ಮನೋಚೈತನ್ಯ ಕಾರ್ಯಕ್ರಮವಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416, ಹಗಲುರಾತ್ರಿ ಉಚಿತ, ಕನ್ನಡದಲ್ಲಿಯೇ ಮಾತಾಡಬಹುದು. ಎಚ್‌ಐವಿ ಕುರಿತ ಸಹಾಯವಾಣಿ 1097. ಖಿನ್ನತೆ ತೀವ್ರವಾಗಿದ್ದರೆ ಮಾತ್ರೆ ಬೇಕಾಗುತ್ತದೆ. ಅವು ನಶೆಯ ಮಾತ್ರೆಗಳಲ್ಲ, ಚಟ ಹಿಡಿಸುವುದಿಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಗರ್ಭಿಣಿ, ಬಾಣಂತಿಯರಿಗೆ ಕೊಡಬಹುದಾದವು ಇವೆ. ಎಆರ್‌ಟಿಯ ಹೆಸರನ್ನು ಮನೋವೈದ್ಯರಿಗೆ ತಪ್ಪದೆ ತಿಳಿಸಬೇಕು. ಸಾಯಬೇಕೆಂಬ ಮಾತು ಬಾಯಿಂದ ಬಂದರೆ ಅದನ್ನು ಹಗುರವಾಗಿ ಎಣಿಸಬಾರದು. ಹಾಗೆ ಅನಿಸುತ್ತದೆಯೇ ಎಂದು ನೇರವಾಗಿ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇದ್ದದ್ದು ಹೊರಗೆ ಬರುತ್ತದೆ. ಆ ರಾತ್ರಿ ಅವಳನ್ನು ಒಬ್ಬಳೇ ಬಿಡಬಾರದು. ಹೊಲಕ್ಕೆ ತಂದ ಕೀಟನಾಶಕವನ್ನು ಮನೆಯಿಂದ ದೂರ ಸಾಗಿಸಬೇಕು.

ಆಫ್ರಿಕಾದ ಜಿಂಬಾಬ್ವೆಯಲ್ಲಿ ಮನೋವೈದ್ಯರು ಬೆರಳೆಣಿಕೆಯಷ್ಟು. ಅಲ್ಲಿಯ ಡಿಕ್ಸನ್ ಚಿಬಾಂಡಾ ಎಂಬ ಮನೋವೈದ್ಯರು 2006ರಲ್ಲಿ ಹರಾರೆ ನಗರದ ಆರೋಗ್ಯ ಕೇಂದ್ರಗಳ ಅಂಗಳದಲ್ಲಿ ಮರದ ಬೆಂಚುಗಳನ್ನು ಹಾಕಿಸಿ, ವಯಸ್ಸಾದ ಅಜ್ಜಿಯಂದಿರಿಗೆ ತರಬೇತಿ ಕೊಟ್ಟು ಕೂರಿಸಿದರು. ಗೆಳೆತನದ ಬೆಂಚು ಎಂದು ಅದರ ಹೆಸರು. ಖಿನ್ನತೆಗೆ ಅಲ್ಲಿಯ ಶೋನಾ ಭಾಷೆಯಲ್ಲಿ ಬಳಸುವ ಮಾತಿನ ಅರ್ಥ ‘ಅತಿಯಾಗಿ ಯೋಚಿಸುವುದು’; ನಮ್ಮ ಹೆಂಗಸರು ಚಿಂತಿ ಹಚ್ಚಿಕೊಂಡಳು ಎನ್ನುವುದೂ ಅದನ್ನೇ. ಅಜ್ಜಿ ಕೇಳುತ್ತಾಳೆ, ಹಲವು ಕಷ್ಟಗಳಲ್ಲಿ ಒಂದನ್ನು ಆಯ್ದು ಅದಕ್ಕೆ ದಾರಿ ಹುಡುಕಲು ನೆರವಾಗುತ್ತಾಳೆ, ಮುಂದಿನ ವಾರ ಬಾ ಎನ್ನುತ್ತಾಳೆ. 573 ಜನರನ್ನೊಳಗೊಂಡ ಅದರ ಅಧ್ಯಯನ 2016ರಲ್ಲಿ ಪ್ರಕಟವಾಯಿತು; ಆರು ತಿಂಗಳ ನಂತರ ಬೆಂಚಿನಲ್ಲಿ ಕುಳಿತವರ ಖಿನ್ನತೆ ಉಳಿದವರಿಗಿಂತ ಗಣನೀಯವಾಗಿ ಇಳಿದಿತ್ತು. ಅವರಲ್ಲಿ ಹೆಚ್ಚಿನವರು ಹೆಂಗಸರು, ಅನೇಕರು ಎಚ್‌ಐವಿ ಸೋಂಕಿತರು.

ಇದನ್ನು ಓದಿದಾಗ ನಮಗೆ ನೆನಪಾದದ್ದು ಮಠದ ಅಕ್ಕನ ಬಳಗ. ಅಲ್ಲಿ ಐವತ್ತು, ಅರುವತ್ತು ದಾಟಿದ, ಬದುಕಿನಲ್ಲಿ ಬೆಂದು ಹಣ್ಣಾದ ತಾಯಂದಿರಿದ್ದಾರೆ. ಶರಣಧರ್ಮವು ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳನ್ನು ಅಲ್ಲಗಳೆಯಿತು. ಲಿಂಗವಂತರ ಮನೆಯಲ್ಲಿ ಮುಟ್ಟಾದವಳೂ ಹಡೆದವಳೂ ಇಷ್ಟಲಿಂಗಪೂಜೆ ಮಾಡಬಹುದು. ಅಂತಹ ಮನೆಗಳಲ್ಲಿ ಎಚ್‌ಐವಿ ಎಂಬ ಆರನೆಯ ಸೂತಕವೊಂದು ಹೇಗೆ ಒಳಸೇರಿತು? ಸೋಂಕಿರುವ ಸೊಸೆಯ ಕೊರಳಿನ ಲಿಂಗವನ್ನು ತೆಗೆಸಿದ ಅತ್ತೆಯೊಬ್ಬರ ಸಂಗತಿ ನಮ್ಮ ಕಿವಿಗೆ ಬಿದ್ದಿದೆ. ಇದು ಧರ್ಮವೂ ಅಲ್ಲ, ವೈದ್ಯವೂ ಅಲ್ಲ. ಬಳಗದ ನಾಲ್ಕೈದು ತಾಯಂದಿರು ತಾಲ್ಲೂಕು ಆಸ್ಪತ್ರೆಯವರಿಂದ ಎರಡು ದಿನ ತರಬೇತಿ ಪಡೆದು, ಅಮಾವಾಸ್ಯೆಯ ದಾಸೋಹದ ನಂತರ ಒಂದು ಮೂಲೆಯಲ್ಲಿ ಕುಳಿತರೆ ಸಾಕು. ಯಾರಿಗೆ ಏನಾಗಿದೆಯೆಂದು ಕೇಳದೆ, ಬಂದವರ ಮಾತು ಕೇಳಿದರೆ ಸಾಕು.

ಕೇಳಿದ್ದು ಅಲ್ಲಿಯೇ ಉಳಿಯಬೇಕು. ಇದು ಬರಿಯ ಸೌಜನ್ಯವಲ್ಲ. ಸಂಸತ್ತು 2017ರಲ್ಲಿ ಅಂಗೀಕರಿಸಿ, 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯು, ವ್ಯಕ್ತಿಯ ಒಪ್ಪಿಗೆಯಿಲ್ಲದೆ ಸೋಂಕಿನ ವಿಷಯವನ್ನು ಬಹಿರಂಗಪಡಿಸುವುದನ್ನು ನಿಷೇಧಿಸಿದೆ. ಸೋಂಕಿನ ಕಾರಣಕ್ಕೆ ಕೆಲಸ, ಚಿಕಿತ್ಸೆ, ಶಾಲೆಗಳಲ್ಲಿ ಭೇದ ಮಾಡುವಂತಿಲ್ಲ. ಸೋಂಕಿತ ಮಹಿಳೆಗೆ ತಾನು ವಾಸಿಸುವ ಮನೆಯಲ್ಲಿ ಉಳಿಯುವ ಹಕ್ಕನ್ನೂ ಆ ಕಾಯ್ದೆ ಹೇಳಿದೆ. ಗಂಡ ತೀರಿದ ಮೇಲೆ ಬಟ್ಟೆಗಂಟು ಕೊಟ್ಟು ತವರಿಗೆ ಅಟ್ಟುವ ಹಿರಿಯರು ಇದನ್ನು ಬಲ್ಲವರಾಗಿರಲಿ.

ಕೊನೆಯದಾಗಿ, ನಮ್ಮನ್ನು ಹೆಣ್ಣುಮಕ್ಕಳು ಆಗಾಗ ಕೇಳುವ ಪ್ರಶ್ನೆಯೊಂದಕ್ಕೆ ಉತ್ತರಿಸಬೇಕು. ಶ್ರಾವಣ ಸೋಮವಾರದ, ಶಿವರಾತ್ರಿಯ ಉಪವಾಸದಂದು ಮಾತ್ರೆಯನ್ನು ಬಿಡಬೇಕೇ ಎಂದು ಅವರ ಸಂದೇಹ. ಬಿಡಬಾರದು. ಡೊಲುಟೆಗ್ರಾವಿರ್ ಇರುವ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿಯೂ ನುಂಗಬಹುದು. ಅಂದು ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ಮಾತ್ರ ಎರಡು ಗಂಟೆ ಕಳೆದ ಮೇಲೆ ತೆಗೆದುಕೊಂಡರಾಯಿತು. ಗರ್ಭಿಣಿ, ಬಾಣಂತಿಯರಿಗೆ ನಿರಾಹಾರ ಹೇಗೂ ಹೇಳಿಲ್ಲ. ಹಾಲು, ಹಣ್ಣು ತೆಗೆದುಕೊಳ್ಳಲಿ. ಜಾತ್ರೆಗೆ ಬರುವಾಗ ಮೂರು ದಿನದ ಮಾತ್ರೆಗಳನ್ನು ಒಂದು ಚಿಕ್ಕ ಡಬ್ಬಿಯಲ್ಲಿ ಹಾಕಿಕೊಂಡು ಬರಲಿ. ಬೆಳಗಿನ ಲಿಂಗಪೂಜೆ ಮುಗಿದೊಡನೆ ನುಂಗುವ ರೂಢಿ ಮಾಡಿಕೊಂಡ ತಾಯಿಯೊಬ್ಬರು, ಎರಡು ವರ್ಷದಲ್ಲಿ ಒಂದು ದಿನವೂ ತಪ್ಪಿಲ್ಲವೆಂದು ನಮಗೆ ತಿಳಿಸಿದ್ದಾರೆ.